ಗೇಟಿನ ಹೊರಗಿನ ನಾಲ್ಕು ಅಡಿ

ನಮ್ಮ ಮನೆಯ ಗೇಟಿಗೆ ಅಂಟಿಸಿದ್ದ ಕಾಗದವನ್ನು ಮೊದಲು ನೋಡಿದವನು ಹಾಲು ಹಾಕುವ ಹುಡುಗ. "ಅಕ್ಕಾ, ನಿಮ್ ಗೇಟಿಗೆ ಏನೋ ಹಚ್ಯಾರ ನೋಡ್ರಿ" ಎಂದು ಕೂಗಿದ. ಅವ್ವ ಹೊರಗೆ ಹೋಗಿ ನೋಡಿದಳು, ಮುಟ್ಟಲಿಲ್ಲ, ಹಾಗೇ ಒಳಗೆ ಬಂದಳು. ಸೀಲು ಹಾಕಿದ ಕಾಗದ ಎಂದರೆ ನಮ್ಮ ಮನೆಯಲ್ಲಿ ಎಲ್ಲರಿಗೂ ಹಾವು ನೋಡಿದಂತೆ. ಅಪ್ಪ ಬೇವಿನ ಕಡ್ಡಿ ಬಾಯಲ್ಲಿಟ್ಟುಕೊಂಡೇ, "ನೀ ಓದೀದಿ, ಓದವ್ವ" ಎಂದು ನನ್ನನ್ನು ಮುಂದೆ ಮಾಡಿದ.

ಅದು 2025ರ ಜೂನ್. ಬಳ್ಳಾರಿಗೆ ಆಗಷ್ಟೇ ಎರಡು ಮಳೆ ಬಿದ್ದಿದ್ದವು. ನಮ್ಮ ಮನೆ ಇರುವುದು ಸತ್ಯನಾರಾಯಣಪೇಟೆಯ ಒಂದು ಸಣ್ಣ ಅಡ್ಡರಸ್ತೆಯಲ್ಲಿ. ಕಾಗದದಲ್ಲಿ ಮೂರು ತಪ್ಪು ಬರೆದಿದ್ದರು. ಸಾರ್ವಜನಿಕ ಚರಂಡಿಯ ಮೇಲೆ ರ್‍ಯಾಂಪು ಮತ್ತು ಮೆಟ್ಟಿಲು ಕಟ್ಟಿರುವುದು ಒಂದು. ನಕ್ಷೆಯಲ್ಲಿ ವಾಹನ ನಿಲ್ಲಿಸಲು ತೋರಿಸಿದ ಜಾಗದಲ್ಲಿ ಕೋಣೆ ಕಟ್ಟಿ, ಪಕ್ಕದ ಖಾಲಿ ಜಾಗಕ್ಕೆ ತಗಡು ಹೊದಿಸಿರುವುದು ಎರಡು. ಮೂರನೆಯದು, ರಸ್ತೆಯಲ್ಲಿ ಟ್ರ್ಯಾಕ್ಟರ್ ಟ್ರಾಲಿ ಕಾಯಂ ನಿಲ್ಲಿಸಿ ಓಡಾಟಕ್ಕೆ ಅಡ್ಡಿ ಮಾಡಿರುವುದು.

ಮೂರನ್ನೂ ಓದಿ ಮುಗಿಸಿದೆ. ಅಪ್ಪ ಬೇವಿನ ಕಡ್ಡಿ ಉಗಿದು ಕೇಳಿದ: "ಇದ್ರಾಗ ತಪ್ಪೇನೈತಿ?"

ಅವನು ಸಿಟ್ಟಿನಿಂದ ಕೇಳಿದ್ದಲ್ಲ. ನಿಜವಾಗಿಯೂ ಅವನಿಗೆ ಗೊತ್ತಾಗಿರಲಿಲ್ಲ.

ನೀವು ಹಳ್ಳಿಯಲ್ಲಿ ಕೂತು ಇದನ್ನು ಓದುತ್ತಿದ್ದರೆ ನಿಮಗೂ ಹಾಗೇ ಅನ್ನಿಸಬಹುದು. ತೆಕ್ಕಲಕೋಟೆ ಕಡೆಯ ನಮ್ಮ ಹಳ್ಳಿಯಲ್ಲಿ ಮನೆ ಎಂದರೆ ಬಾಗಿಲಿನಿಂದ ಒಳಗೆ ಅಷ್ಟೇ ಅಲ್ಲ. ಬಾಗಿಲ ಮುಂದಿನ ಕಟ್ಟೆ, ಕಟ್ಟೆ ಮುಂದೆ ನಿಲ್ಲುವ ಬಂಡಿ, ಬಂಡಿ ಆಚೆ ಕಟ್ಟಿದ ಎಮ್ಮೆ, ಅದರಾಚೆ ಹುಲ್ಲಿನ ಬಣವೆ, ಎಲ್ಲಾ ಸೇರಿ ಮನೆ. ಇದು ರಸ್ತೆ, ಇದು ನಿಮ್ಮದು ಎಂದು ಯಾರೂ ಗೆರೆ ಹಾಕಿರುವುದಿಲ್ಲ. ತೇರು ಬರುವ ದಿನ ಎಲ್ಲರೂ ತಮ್ಮ ತಮ್ಮ ಬಂಡಿ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಹೆಣ ಹೋಗುವಾಗಲೂ ಅಷ್ಟೇ. ಮರುದಿನ ಬಂಡಿ ಮತ್ತೆ ಅದೇ ಜಾಗಕ್ಕೆ ಬರುತ್ತದೆ. ಸುಗ್ಗಿಯಲ್ಲಿ ನಾವು ಡಾಂಬರು ರಸ್ತೆಯ ಅರ್ಧದ ಮೇಲೆ ಭತ್ತ ಹರವಿ ಸುತ್ತ ಕಲ್ಲು ಇಡುತ್ತೇವೆ. ಆ ಕಲ್ಲಿಗೆ ರಾತ್ರಿ ಬೈಕಿನವರು ಬಿದ್ದದ್ದನ್ನು ನಾನೇ ಕಂಡಿದ್ದೇನೆ. ಆದರೂ ಮುಂದಿನ ವರ್ಷ ಭತ್ತವೂ ಅಲ್ಲೇ, ಕಲ್ಲೂ ಅಲ್ಲೇ.

ಹಳ್ಳಿಗೆ ಕಾನೂನು ಇಲ್ಲ ಎಂದಲ್ಲ. 1993ರ ಪಂಚಾಯತ್ ರಾಜ್ ಕಾಯ್ದೆ ಗ್ರಾಮ ಪಂಚಾಯ್ತಿಗೂ ರಸ್ತೆ ಮೇಲಿನ ಒತ್ತುವರಿ ತೆಗೆಸುವ ಅಧಿಕಾರ ಕೊಟ್ಟಿದೆ. ಸಿರುಗುಪ್ಪ, ಕುರುಗೋಡಿನಂಥ ಪಟ್ಟಣಗಳಿಗೆ 1964ರ ಪುರಸಭೆಗಳ ಕಾಯ್ದೆ ಇದೆ. ಬಳ್ಳಾರಿಯಂಥ ಮಹಾನಗರ ಪಾಲಿಕೆಗಳಿಗೆ 1976ರ ಪೌರ ನಿಗಮಗಳ ಕಾಯ್ದೆ. ಹಳ್ಳಿಯಲ್ಲಿ ತೆಗೆಸಬೇಕಾದವರೂ ಅದೇ ಓಣಿಯಲ್ಲಿ ಬಂಡಿ ನಿಲ್ಲಿಸಿರುತ್ತಾರೆ. ಅಷ್ಟೇ ವ್ಯತ್ಯಾಸ.

ಮನೆ ಕಟ್ಟಿದ್ದು 2016ರಲ್ಲಿ, ನನ್ನನ್ನೂ ತಮ್ಮನನ್ನೂ ಓದಿಸಲಿಕ್ಕೆ. ಎರಡು ಎಕರೆ ಮಾರಿ ಬಂದ ದುಡ್ಡು. ನಕ್ಷೆ ಬರೆದುಕೊಟ್ಟವರು ಮುಂಭಾಗದಲ್ಲಿ ಒಂದು ಚೌಕ ಬಿಟ್ಟು ಅದರಲ್ಲಿ ಪಾರ್ಕಿಂಗ್ ಎಂದು ಬರೆದಿದ್ದರು. ಕೇಳಿದ್ದಕ್ಕೆ, "ಪ್ಲಾನು ಬ್ಯಾರೆ, ಕಟ್ಟೋದು ಬ್ಯಾರೆ ಗೌಡ್ರೇ, ಎಲ್ರೂ ಹಂಗ ಮಾಡ್ತಾರ" ಎಂದಿದ್ದರಂತೆ. ನಮಗೆ ಕಾರಿರಲಿಲ್ಲ. ಈಗಲೂ ಇಲ್ಲ. ಎರಡು ವರ್ಷ ಆ ಚೌಕದಲ್ಲಿ ಅವ್ವ ಸಂಡಿಗೆ ಒಣಗಿಸಿದಳು. ಆಮೇಲೆ ಅಪ್ಪನಿಗೆ, ಇಷ್ಟು ದುಡ್ಡು ಕೊಟ್ಟ ಜಾಗ ಸುಮ್ಮನೆ ಬಿದ್ದಿದೆ ಎನ್ನಿಸಿತು. ಮೂರು ಗೋಡೆ, ಒಂದು ಶಟರು, ಪಕ್ಕದ ಖಾಲಿ ಜಾಗಕ್ಕೆ ತಗಡು ಹೊದಿಸಿ ಬಚ್ಚಲು. ತಿಂಗಳಿಗೆ ಮೂರು ಸಾವಿರ ಬಾಡಿಗೆ. ಮೊದಲು ಒಬ್ಬ ಜೀನ್ಸ್ ಹೊಲಿಯುವವನಿದ್ದ. ಅವನು ಹೋದ ಮೇಲೆ ಕುರುಗೋಡು ಕಡೆಯ ಒಬ್ಬ ಹುಡುಗ ಬಂದ. ಸರ್ಕಾರಿ ಕೆಲಸದ ಪರೀಕ್ಷೆಗೆ ಓದುತ್ತಿದ್ದ.

ಕಾರಿಲ್ಲದವನಿಗೆ ಪಾರ್ಕಿಂಗ್ ಯಾಕೆ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. ಉತ್ತರ 2023ರಲ್ಲಿ ತಾನಾಗಿಯೇ ಬಂತು. ಆ ವರ್ಷ ಬರ. ತುಂಗಭದ್ರಾ ಅಣೆಕಟ್ಟೆ ತುಂಬಲಿಲ್ಲ, ಎರಡನೇ ಬೆಳೆಗೆ ಕಾಲುವೆಯಲ್ಲಿ ನೀರು ಬಿಡಲಿಲ್ಲ. ಹೊಲ ಒಣಗಿ ಬಿದ್ದಿತು, ಟ್ರ್ಯಾಕ್ಟರಿನ ಕಂತು ಮಾತ್ರ ತಿಂಗಳು ತಿಂಗಳು ಬರುತ್ತಿತ್ತು. ಅಪ್ಪ ಟ್ರ್ಯಾಕ್ಟರನ್ನೂ ಟ್ರಾಲಿಯನ್ನೂ ಬಳ್ಳಾರಿಗೆ ಓಡಿಸಿಕೊಂಡು ಬಂದ. ಇಟ್ಟಿಗೆ, ಜಲ್ಲಿ, ಎಂ-ಸ್ಯಾಂಡ್ ಹೊರುವ ಕೆಲಸ ಹಿಡಿದ. ಕೃಷಿಗೆಂದು ನೋಂದಾಯಿಸಿದ ಗಾಡಿಯಲ್ಲಿ ಬಾಡಿಗೆ ಹೊಡೆಯುವುದು ಇನ್ನೊಂದು ತಪ್ಪು. ನೋಟಿಸಿನಲ್ಲಿ ಅದು ಇರಲಿಲ್ಲ, ನಾನೂ ಬಾಯಿ ಬಿಡಲಿಲ್ಲ. ಟ್ರ್ಯಾಕ್ಟರ್ ಹೆಡ್ಡನ್ನು ಗೇಟಿಗೆ ಒತ್ತಿ ನಿಲ್ಲಿಸುತ್ತಿದ್ದ. ಟ್ರಾಲಿ ಎದುರಿನ ಗೋಡೆ ಬದಿಗೆ. ಹದಿನಾರು ಅಡಿ ಓಣಿಯಲ್ಲಿ ಅದಕ್ಕೆ ಆರು ಅಡಿ ಬೇಕು. ಆಚೆ ಬದಿಗೆ ಬೇರೆಯವರ ಬೈಕುಗಳು.

ಆ ಎದುರಿನ ಗೋಡೆ ಮೇಷ್ಟ್ರದ್ದು. ಸರ್ಕಾರಿ ಶಾಲೆಯಿಂದ ನಿವೃತ್ತರಾದವರು. ಅವರ ಹೆಂಡತಿಯನ್ನು ನಾವೆಲ್ಲ ಟೀಚರಮ್ಮ ಅನ್ನುತ್ತೇವೆ, ಅವರು ಒಂದು ದಿನವೂ ಶಾಲೆಯಲ್ಲಿ ಪಾಠ ಮಾಡಿದವರಲ್ಲ. ನಾವು ಮನೆ ಕಟ್ಟುವಾಗ ನೀರು ಕೊಟ್ಟವರು ಅವರೇ. ನನ್ನ ಪಿಯುಸಿ ಇಂಗ್ಲಿಷ್ ಪಾಸಾಗಿದ್ದು ಅವರ ಪಡಸಾಲೆಯಲ್ಲಿ.

ನೋಟಿಸು ಓದಿ ಮುಗಿಯುವುದರೊಳಗೆ ಅಪ್ಪ ತೀರ್ಮಾನಕ್ಕೆ ಬಂದಿದ್ದ. "ಮೇಷ್ಟ್ರೇ ಬರ್ದು ಕೊಟ್ಟಾರ. ಇಂಥಾ ಶುದ್ಧ ಕನ್ನಡ ನಮ್ ಓಣ್ಯಾಗ ಇನ್ಯಾರಿಗೆ ಬರ್ತೈತಿ?"

"ಕಾಗದ ಬರ್ದದ್ದು ಆಫೀಸಿನವ್ರಪ್ಪ" ಅಂದೆ.

"ಅರ್ಜಿ ಕೊಟ್ಟೋರು ಇರ್ತಾರಲ್ಲ. ನೀ ಪತ್ರಕರ್ತೆ ಅಲ್ಲೇನು? ಹೆಸರು ತೆಗಸು. ಆರ್‌ಟಿಐ ಹಾಕು."

ಅವತ್ತು ಸಂಜೆ ಮೇಷ್ಟ್ರು ಎಂದಿನಂತೆ ಗೇಟಿನ ಬಳಿ ನಿಂತು, "ಏನ್ ಗೌಡ್ರೇ, ಮಳಿ ಬರಂಗೈತಲ್ಲ" ಅಂದರು. ಅಪ್ಪ ಕೇಳಿಸದವನಂತೆ ಟಯರಿನ ಗಾಳಿ ನೋಡುತ್ತ ಕುಳಿತ. ಮೇಷ್ಟ್ರು ಸ್ವಲ್ಪ ಹೊತ್ತು ನಿಂತರು. ಒಳಗೆ ಹೋದರು. ಮುಂದೆ ಸುಮಾರು ಒಂದೂವರೆ ತಿಂಗಳು ಎರಡು ಮನೆಗಳ ನಡುವೆ ಮಾತಿರಲಿಲ್ಲ. ಅವ್ವ ಮಾತ್ರ ಕರಿಬೇವು ಕೇಳುವ ನೆಪದಲ್ಲಿ ಹಿಂದಿನ ಬಾಗಿಲಿಂದ ಹೋಗಿ ಬರುತ್ತಿದ್ದಳು.

ನಾನು ಆರ್‌ಟಿಐ ಹಾಕಲಿಲ್ಲ, ನೇರ ಕಚೇರಿಗೇ ಹೋದೆ. ಪತ್ರಕರ್ತೆ ಎಂದು ಹೇಳಿಕೊಳ್ಳಬಾರದು ಎಂದುಕೊಂಡೇ ಹೋದವಳು, ಸರದಿ ಉದ್ದ ನೋಡಿ ಹೇಳಿಬಿಟ್ಟೆ. ಅದರಿಂದ ಏನೂ ಆಗಲಿಲ್ಲ, ಸರದಿಯಲ್ಲೇ ನಿಲ್ಲಿಸಿದರು. ಕೊನೆಗೆ ನನ್ನ ವಯಸ್ಸಿನವರೇ ಆದ ಕಿರಿಯ ಎಂಜಿನಿಯರ್ ಒಬ್ಬರು ಕಡತ ತೆಗೆದರು. ಅದರಲ್ಲಿ ದೂರಿನ ಅರ್ಜಿಯೇ ಇರಲಿಲ್ಲ. ಇದ್ದದ್ದು ಆರೋಗ್ಯ ನಿರೀಕ್ಷಕರ ಒಂದು ವರದಿ: ಈ ಓಣಿಯ ಚರಂಡಿಯಲ್ಲಿ ಇಂತಿಂಥ ಮನೆಗಳ ರ್‍ಯಾಂಪಿನ ಕೆಳಗೆ ಹೂಳು ತೆಗೆಯಲು ಪೌರಕಾರ್ಮಿಕರಿಗೆ ಆಗುತ್ತಿಲ್ಲ, ಮಳೆ ಬಂದರೆ ತಗ್ಗಿನ ಮನೆಗಳಿಗೆ ನೀರು ನುಗ್ಗುತ್ತಿದೆ. ಪಟ್ಟಿಯಲ್ಲಿ ಒಂಬತ್ತು ಮನೆಗಳಿದ್ದವು. ಮೇಷ್ಟ್ರ ಮನೆಯೂ ಇತ್ತು, ಅವರದ್ದು ಎರಡು ಮೆಟ್ಟಿಲು. ರ್‍ಯಾಂಪು ನೋಡಲು ಬಂದವರ ಕಣ್ಣಿಗೆ ನಮ್ಮ ಕೋಣೆ ಮತ್ತು ಟ್ರಾಲಿ ಬಿದ್ದಿವೆ.

ಮನೆಗೆ ಬಂದು ಹೇಳಿದರೆ ಅಪ್ಪ ನಂಬಲಿಲ್ಲ. "ತಂದೂ ಒಂದು ಹೆಸರು ಸೇರ್ಸಿರ್ತಾರ, ಸಂಶೇ ಬರಬಾರ್ದಂತ" ಅಂದ. ಸಿಟ್ಟು ಬಂದಾಗ ಅಪ್ಪನ ತಲೆ ಎಷ್ಟು ಚುರುಕು ಎಂದರೆ, ಅಷ್ಟು ಚುರುಕು ಆ ನಕ್ಷೆ ನೋಡುವಾಗ ಇದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ನೋಟಿಸು ಬಂದಾಗ ಏನು ಮಾಡಬೇಕು ಎಂದು ನಂತರ ನನ್ನನ್ನು ಅನೇಕರು ಕೇಳಿದ್ದಾರೆ, ಅದಕ್ಕೇ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮೂರೂ ತಪ್ಪು ಒಂದೇ ಕಾಗದದಲ್ಲಿದ್ದರೂ ಮೂರಕ್ಕೂ ದಾರಿ ಬೇರೆ ಬೇರೆ.

ನಿವೇಶನದ ಒಳಗೆ ನಕ್ಷೆ ಮೀರಿ ಕಟ್ಟಿದ್ದಕ್ಕೆ 1976ರ ಕಾಯ್ದೆಯ 321ನೇ ಕಲಂ. ಅದರಲ್ಲಿ ಮೊದಲು ಬರುವುದು ತಾತ್ಕಾಲಿಕ ಆದೇಶ. ಯಾಕೆ ಕೆಡವಬಾರದು ಹೇಳಿ ಎಂದು ಕಾರಣ ಕೇಳುತ್ತಾರೆ. ನಾವು ಕೊಟ್ಟ ಕಾರಣ ಒಪ್ಪಿಗೆಯಾಗದಿದ್ದರೆ ಆಮೇಲೆ ಆದೇಶ ಕಾಯಂ. ಆದ್ದರಿಂದ ಸುಮ್ಮನಿರುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಉತ್ತರ ಬರೆದು, ಟಪಾಲಿನಲ್ಲಿ ಕೊಟ್ಟು, ನಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಬೇಕು. 2024ರ ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಬುಲ್ಡೋಜರ್ ಪ್ರಕರಣಗಳಲ್ಲಿ ಕೊಟ್ಟ ತೀರ್ಪೂ ಇದೆ. ಕಟ್ಟಡ ಕೆಡವುವ ಮೊದಲು ಮಾಲೀಕರಿಗೆ ಕನಿಷ್ಠ 15 ದಿನ ಕೊಡಬೇಕು, ನೋಟಿಸನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಬೇಕು, ಕಟ್ಟಡದ ಮೇಲೂ ಅಂಟಿಸಬೇಕು. ಇದನ್ನು ಓದಿ ಹೇಳಿದಾಗ ಅಪ್ಪನ ಮುಖ ಅರಳಿತು. ಆದರೆ ಅದೇ ತೀರ್ಪು ಮುಂದೆ, ರಸ್ತೆ, ಬೀದಿ, ಫುಟ್‌ಪಾತಿನಂಥ ಸಾರ್ವಜನಿಕ ಜಾಗದಲ್ಲಿ ಕಟ್ಟಿದ್ದಕ್ಕೆ ಈ ರಕ್ಷಣೆ ಇಲ್ಲ ಎನ್ನುತ್ತದೆ. ಅಂದರೆ ಗೇಟಿನ ಒಳಗಿನ ಕೋಣೆಗೆ ಸಮಯ ಉಂಟು, ಗೇಟಿನ ಹೊರಗಿನ ನಾಲ್ಕು ಅಡಿ ರ್‍ಯಾಂಪಿಗೆ ಇಲ್ಲ. ಅಪ್ಪನ ಮುಖ ಮತ್ತೆ ಮೊದಲಿನಂತಾಯಿತು.

ಟ್ರಾಲಿಯ ವಿಚಾರ ಪೊಲೀಸರ ಕೈಯಲ್ಲೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 122ನೇ ಕಲಂ ಪ್ರಕಾರ ಬೇರೆಯವರಿಗೆ ಅಪಾಯ ಅಥವಾ ಅಡ್ಡಿಯಾಗುವಂತೆ ಗಾಡಿ ನಿಲ್ಲಿಸುವಂತಿಲ್ಲ. 127ರ ಪ್ರಕಾರ ಸಾರ್ವಜನಿಕ ಜಾಗದಲ್ಲಿ ಹತ್ತು ಗಂಟೆ ಅಥವಾ ಹೆಚ್ಚು ಹೊತ್ತು ಯಾರೂ ಇಲ್ಲದೆ ಬಿಟ್ಟ ಗಾಡಿಯನ್ನು ಸಮವಸ್ತ್ರದಲ್ಲಿರುವ ಪೊಲೀಸರು ಎತ್ತಿಸಿಕೊಂಡು ಹೋಗಬಹುದು. ನಮ್ಮ ಟ್ರಾಲಿ ಶನಿವಾರ ಸಂಜೆ ನಿಂತರೆ ಸೋಮವಾರ ಬೆಳಿಗ್ಗೆ ಹೊರಡುತ್ತಿತ್ತು. ಎಷ್ಟು ಹತ್ತು ಗಂಟೆ ಆಯಿತು ನೀವೇ ಲೆಕ್ಕ ಹಾಕಿ.

ಜಪಾನಿನಲ್ಲಿ 1962ರಿಂದ ಒಂದು ಕಾನೂನಿದೆ. ಕಾರು ನೋಂದಾಯಿಸುವ ಮೊದಲು ಅದನ್ನು ನಿಲ್ಲಿಸಲು ರಸ್ತೆಯಲ್ಲದ ಜಾಗ ಇದೆ ಎಂದು ಪೊಲೀಸರಿಂದ ಪತ್ರ ತರಬೇಕು. ಮನೆಯಿಂದ ಎರಡು ಕಿಲೋಮೀಟರ್ ಒಳಗೆ ಆ ಜಾಗ ಇರಬೇಕು. ಇದನ್ನು ಊಟಕ್ಕೆ ಕೂತಾಗ ಹೇಳಿದೆ. "ಹಂಗಾರ ನಮ್ಮೂರಾಗ ಎತ್ತು ತರೋಕ ಮುಂಚೆ ಗ್ವಾದ್ಲಿ ತೋರ್ಸು ಅಂದಂಗಾತು" ಅಂದಳು ಅವ್ವ. ಎತ್ತು ಕೊಳ್ಳುವವನು ಗೋದಲಿ ಇಲ್ಲದೆ ಎತ್ತು ತರುತ್ತಾನೆಯೇ? ಅಪ್ಪ ತಟ್ಟೆಯಿಂದ ತಲೆ ಎತ್ತಲಿಲ್ಲ.

ರ್‍ಯಾಂಪನ್ನು ನಾವೇ ಒಡೆಸಿದೆವು. ಕಚೇರಿಯವರೇ ತೆಗೆದರೆ ಆ ಖರ್ಚನ್ನೂ ನಮ್ಮಿಂದ ವಸೂಲಿ ಮಾಡಬಹುದು ಎಂದು ಎಂಜಿನಿಯರ್ ಹೇಳಿದ್ದರು. ಬ್ರೇಕರ್ ಮಷಿನ್ ತಂದ ಇಬ್ಬರು ಬೆಳಿಗ್ಗೆ ಎಂಟಕ್ಕೆ ಶುರು ಮಾಡಿ ಹನ್ನೊಂದಕ್ಕೆ ಮುಗಿಸಿದರು. ಒಂಬತ್ತು ವರ್ಷದ ಸಿಮೆಂಟು ಮೂರು ತಾಸಿನಲ್ಲಿ ಹೋಯಿತು. ಅದರ ಕೆಳಗೆ ಕಂಡದ್ದನ್ನು ಬರೆಯಬೇಕೋ ಬೇಡವೋ. ಮೊಣಕಾಲುದ್ದ ಕಪ್ಪು ರಾಡಿ, ಗುಟ್ಕಾ ಚೀಟಿಗಳು, ಹಾಲಿನ ಪ್ಯಾಕೆಟ್ಟು, ಚೆಂಡುಗಳು, ತಮ್ಮ ಏಳನೇ ಕ್ಲಾಸಿನಲ್ಲಿ ಕಳೆದುಕೊಂಡು ಏಟು ತಿಂದಿದ್ದ ಜಾಮಿಟ್ರಿ ಬಾಕ್ಸು. ಚರಂಡಿ ಬಳಿಯುವ ಅಕ್ಕ ಸಲಿಕೆ ಹಿಡಿದು ನಿಂತಿದ್ದಳು. "ಈ ಬಂಡಿ ಕೆಳಗ ಕೈ ಹೋಗಲ್ಲ, ಕೋಲು ಹೋಗಲ್ಲ. ಈ ಕಡಿ ತನ ಬಳೀತಿದ್ವಿ, ಆ ಕಡಿ ತನ ಬಳೀತಿದ್ವಿ, ನಡುವಿಂದು ದೇವ್ರಿಗೆ ಬಿಡ್ತಿದ್ವಿ" ಅಂದಳು. ಆ ದೇವರಿಗೆ ಬಿಟ್ಟದ್ದು ಮಳೆ ಬಂದಾಗ ಹೋಗುತ್ತಿದ್ದದ್ದು ನಮ್ಮಿಂದ ನಾಲ್ಕು ಮನೆ ಕೆಳಗಿನ ಅಜ್ಜಿಯ ಅಡುಗೆಮನೆಗೆ. ಆಕೆ ಪ್ರತಿ ಮಳೆಗೂ ಹೊಸ್ತಿಲಿಗೆ ಮಣ್ಣಿನ ಚೀಲ ಇಡುವುದನ್ನು ನಾವು ದಿನಾ ನೋಡುತ್ತಿದ್ದೆವು. ಅವಳ ಮನೆ ತಗ್ಗಿನಲ್ಲಿದೆ, ಅದಕ್ಕೇ ನೀರು ನುಗ್ಗುತ್ತದೆ ಎಂದೇ ನಾವೆಲ್ಲ ಮಾತಾಡಿಕೊಂಡಿದ್ದೆವು.

ಈಗ ಅಲ್ಲಿ ಕಬ್ಬಿಣದ ಜಾಲರಿ ಇದೆ. ಎತ್ತಿ ಪಕ್ಕಕ್ಕಿಡಬಹುದು. ಇಳಿಜಾರನ್ನು ಗೇಟಿನ ಒಳಗೆ ತೆಗೆದುಕೊಂಡಿದ್ದೇವೆ.

ಕಷ್ಟವಾಗಿದ್ದು ಕೋಣೆಯದ್ದು. ಕೋಣೆಯಲ್ಲಿ ಮನುಷ್ಯನಿದ್ದಾನೆ. ಆ ಹುಡುಗ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಓದುತ್ತಿದ್ದ. ಶಟರು ಅರ್ಧ ಎತ್ತಿ ಬೀದಿ ದೀಪದ ಬೆಳಕಲ್ಲೂ ಓದಿದ್ದನ್ನು ನೋಡಿದ್ದೇನೆ. ಮೂರು ಸಾವಿರಕ್ಕೆ ಬಳ್ಳಾರಿಯಲ್ಲಿ ಬೇರೆ ಕೋಣೆ ಸಿಗುವುದಿಲ್ಲ ಎಂದು ಅವನಿಗೂ ಗೊತ್ತು, ನಮಗೂ ಗೊತ್ತು. ಆ ಮೂರು ಸಾವಿರ ಟ್ರ್ಯಾಕ್ಟರಿನ ಕಂತಿಗೆ ಹೋಗುತ್ತಿತ್ತು ಎಂಬುದು ನಮಗೆ ಮಾತ್ರ ಗೊತ್ತು. ನಾನು ಉತ್ತರದಲ್ಲಿ ಎರಡು ತಿಂಗಳು ಸಮಯ ಕೇಳಿದ್ದೆ. ಕೊಟ್ಟರು.

ಜುಲೈ ಕೊನೆಯ ಒಂದು ಸಂಜೆ ಅಪ್ಪ ಅವನನ್ನು ಕರೆದು ಕೂರಿಸಿಕೊಂಡ. "ನೋಡಪ, ನಮ್ ಕೈಯಾಗ ಏನಿಲ್ಲ. ಎದುರಿಗಿನ ಮೇಷ್ಟ್ರು ಮಾಡಿದ ಕೆಲ್ಸಕ್ಕ ನೀ ಹೋಗ್ಬೇಕಾತು" ಅಂದ. ಹುಡುಗ ತಲೆ ತಗ್ಗಿಸಿಕೊಂಡೇ ಇದ್ದ. ಆಮೇಲೆ, "ಮಾವ, ಅವರು ಮಾಡೋರಿದ್ರ ಆವತ್ತೇ ಮಾಡ್ತಿದ್ರು" ಅಂದ.

"ಯಾವತ್ತು?"

ಮಾರ್ಚಿನಲ್ಲಿ ಒಂದು ರಾತ್ರಿ. ನಾವು ಮೂವರೂ ಊರಿಗೆ ಹೋಗಿದ್ದೆವು, ದೊಡ್ಡಪ್ಪನ ಮಗನ ಮದುವೆ. ಟ್ರ್ಯಾಕ್ಟರ್ ಹೆಡ್ ತೆಗೆದುಕೊಂಡು ಹೋಗಿ ಟ್ರಾಲಿ ಮಾತ್ರ ಬಿಟ್ಟಿದ್ದೆವು. ಟೀಚರಮ್ಮನಿಗೆ ಉಸಿರು ಕಟ್ಟಿತು. ಅವರಿಗೆ ಕಿಡ್ನಿ ತೊಂದರೆ, ವಾರಕ್ಕೆ ಎರಡು ಸಲ ಡಯಾಲಿಸಿಸ್. ಮೇಷ್ಟ್ರು 108ಕ್ಕೆ ಫೋನ್ ಮಾಡಿದರು. ಗಾಡಿ ಬಂತು, ಓಣಿಯ ಬಾಯಲ್ಲೇ ನಿಂತಿತು. ಒಂದು ಕಡೆ ಟ್ರಾಲಿ, ಒಂದು ಕಡೆ ಬೈಕುಗಳು. ಹೆಡ್ ಇಲ್ಲದ, ಜಲ್ಲಿ ತುಂಬಿದ ಟ್ರಾಲಿಯನ್ನು ಎಷ್ಟು ಜನ ನೂಕಿದರೂ ಅಲುಗಾಡುವುದಿಲ್ಲ. ಈ ಹುಡುಗ, ಮೇಷ್ಟ್ರು, ಆಂಬ್ಯುಲೆನ್ಸಿನ ಇಬ್ಬರು, ನಾಲ್ಕು ಜನ ಸೇರಿ ಟೀಚರಮ್ಮನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ರಸ್ತೆ ತನಕ ಹೊತ್ತುಕೊಂಡು ಹೋದರಂತೆ. ಟ್ರಾಲಿಯ ಹಿಂದಿನ ಕೊಂಡಿಗೆ ತಾಗಿ ಮೇಷ್ಟ್ರ ಮೊಣಕಾಲು ಕಿತ್ತಿತ್ತಂತೆ.

"ನಮಗ್ಯಾಕ ಹೇಳ್ಲಿಲ್ಲ?" ಎಂದು ನಾನೇ ಕೇಳಿದೆ.

"ಮೇಷ್ಟ್ರು ಬ್ಯಾಡಂದ್ರು. ಗೌಡ್ರಿಗೆ ಬರದಾಗ ಅದೊಂದೇ ಗತಿ, ಹೇಳಿದ್ರ ಸುಮ್ನ ನೊಂದ್ಕೋತಾರ ಅಂದ್ರು. ನಾನೂ..." ಎಂದು ನಿಲ್ಲಿಸಿದ. ಅವನು ಹೇಳದಿದ್ದರೂ ಗೊತ್ತಾಯಿತು. ಟ್ರಾಲಿ ಒಳಗೆ ಬರಬೇಕಾದರೆ ಅವನ ಕೋಣೆ ಹೋಗಬೇಕಿತ್ತು.

ಅಪ್ಪ ಎದ್ದು ಹೊರಗೆ ಹೋದ. ಮೇಷ್ಟ್ರ ಮನೆಗೆ ಹೋಗುತ್ತಾನೆ ಎಂದುಕೊಂಡೆ. ಹೋಗಲಿಲ್ಲ. ಟ್ರ್ಯಾಕ್ಟರ್ ಚಾಲೂ ಮಾಡಿ, ಟ್ರಾಲಿಗೆ ಕೊಂಡಿ ಹಾಕಿ, ಆ ಕತ್ತಲಲ್ಲೇ ಸಿರುಗುಪ್ಪ ರಸ್ತೆ ಹಿಡಿದ. ಊಟ ಮಾಡಿರಲಿಲ್ಲ. ಟ್ರಾಲಿಗೆ ಹಿಂದೆ ದೀಪ ಇಲ್ಲ ಎಂದು ಅವ್ವ ಕೂಗಿಕೊಂಡಳು. ನಾನು ಓಡಿ ಹೋಗಿ ಒಂದು ಕೆಂಪು ಸೀರೆಯ ತುಂಡು ಕಟ್ಟಿದೆ. ಕತ್ತಲಲ್ಲಿ ಅದು ಯಾರಿಗೆ ಕಾಣಬೇಕು! ರಾತ್ರಿ ಹನ್ನೊಂದೂವರೆಗೆ ಊರು ಮುಟ್ಟಿದೆ ಎಂದು ಫೋನ್ ಮಾಡಿದ. ಟ್ರಾಲಿ ಈಗ ನಮ್ಮ ಹಳೇ ಮನೆಯ ಕಟ್ಟೆ ಮುಂದೆ ನಿಂತಿದೆ. ಓಣಿಯಲ್ಲೇ. ಅಲ್ಲಿ ಯಾರೂ ಇನ್ನೂ ಏನೂ ಅಂದಿಲ್ಲ.

ಆಗಸ್ಟಿನಲ್ಲಿ ಹುಡುಗ ಕೌಲ್ ಬಜಾರಿನಲ್ಲಿ ಇನ್ನಿಬ್ಬರ ಜೊತೆ ಒಂದು ಕೋಣೆ ಹಿಡಿದ. ಅಡ್ವಾನ್ಸಿನ ಜೊತೆ ಅಪ್ಪ ಒಂದು ತಿಂಗಳ ಬಾಡಿಗೆ ಸೇರಿಸಿ ಕೊಟ್ಟ. ಅವನು ಹೋದ ಮೂರನೇ ದಿನ ಗೋಡೆ ಒಡೆಸಿದೆವು. ತಗಡು ಬಿಚ್ಚಿದ ಮೇಲೆ ನನ್ನ ಕೋಣೆಯ ಕಿಟಕಿಗೆ ಬಿಸಿಲು ಬಂತು, ಆರು ವರ್ಷದ ನಂತರ. ಎಂಜಿನಿಯರ್ ಬಂದು ಫೋಟೋ ತೆಗೆದುಕೊಂಡು, ಕಡತ ಮುಕ್ತಾಯ ಮಾಡುತ್ತೇವೆ ಎಂದು ಹೇಳಿ ಹೋದರು. ಟ್ರ್ಯಾಕ್ಟರಿನ ಕಂತು ಎರಡು ತಿಂಗಳು ತಪ್ಪಿತು, ಈಗ ಅವ್ವ ಮನೆಯಲ್ಲೇ ರೊಟ್ಟಿ ಬಡಿದು ಹೋಟೆಲಿಗೆ ಕೊಡುತ್ತಾಳೆ.

ಅಪ್ಪನೂ ಮೇಷ್ಟ್ರೂ ಮಾತು ಶುರು ಮಾಡಿದ್ದಾರೆ, ಆದರೆ ಮೊದಲಿನಷ್ಟು ಅಲ್ಲ. ಅಪ್ಪ ಕ್ಷಮಿಸಿ ಎಂದು ಕೇಳಿಲ್ಲ. ಆ ಮಾತು ಅವನ ಬಾಯಿಂದ ನಾನು ಎಂದೂ ಕೇಳಿಲ್ಲ. ಮೇಷ್ಟ್ರ ಹೆಂಡತಿಗೆ ಡಯಾಲಿಸಿಸ್ ಇರುವುದು ಮಂಗಳವಾರ ಮತ್ತು ಶುಕ್ರವಾರ, ಬೆಳಿಗ್ಗೆ ಆರಕ್ಕೆ ಗಾಡಿ ಬರುತ್ತದೆ. ಓಣಿ ಸಣ್ಣದು, ಒಳಗೆ ಬಂದ ಗಾಡಿ ತಿರುಗಿಸಿಕೊಳ್ಳಲು ಜಾಗವಿಲ್ಲ, ಮೊದಲು ಹಿಂದಕ್ಕೇ ಹೋಗಬೇಕಿತ್ತು. ಈಗ ಆ ಎರಡು ದಿನ ಅಪ್ಪ ಐದೂವರೆಗೆ ಎದ್ದು, ಚರಂಡಿಯ ಜಾಲರಿ ಸರಿಯಾಗಿ ಕೂತಿದೆಯೇ ಎಂದು ಕಾಲಿಂದ ಒತ್ತಿ ನೋಡಿ, ಗೇಟಿನ ಎರಡೂ ಬಾಗಿಲು ತೆಗೆದಿಡುತ್ತಾನೆ. ಗಾಡಿ ನಮ್ಮ ಪಾರ್ಕಿಂಗಿನೊಳಕ್ಕೆ ಮೂತಿ ಹಾಕಿ ತಿರುಗಿಸಿಕೊಂಡು ಹೋಗುತ್ತದೆ. ಅದು ಹೋದ ಮೇಲೆ ಅವ್ವ ಅಲ್ಲಿ ಸಂಡಿಗೆ ಹಾಕುತ್ತಾಳೆ.